ಸೇಡಿನ ಚಿತ್ರಗಳೂ ನಮ್ಮ ಮನಸ್ಸೂ

ಹಾವಿನ ಹಗೆ ಹನ್ನೆರಡು ವರ್ಷವೆಂಬ ನಂಬಿಕೆ ನಮ್ಮ ಜನರಲ್ಲಿ ಬಹು ಹಿಂದಿನಿಂದ ಬೇರೂರಿದೆ. ಪೆಟ್ಟು ತಿಂದು ತಪ್ಪಿಸಿಕೊಂಡ ನಾಗರಹಾವು, ಹೊಡೆದವನ ಗುರುತನ್ನು ಮನಸ್ಸಿನಲ್ಲಿಟ್ಟುಕೊಂಡು, ವರ್ಷಗಟ್ಟಲೆ ಹೊಂಚಿ, ಕಡೆಗೊಂದು ದಿನ ಅವನನ್ನು ಕಚ್ಚಿಯೇ ತೀರುತ್ತದೆಂದು ಹೇಳುವವರು ಈಗಲೂ ಇದ್ದಾರೆ. ಪ್ರಾಣಿಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಹಾವು ಮನುಷ್ಯನನ್ನು ಕಚ್ಚುವುದು ಆ ಗಳಿಗೆಯ ಭಯದಿಂದ, ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ. ನಿನ್ನೆಯ ಅಪಮಾನವನ್ನು ನೆನೆದು ನಾಳೆಗೆ ಉಪಾಯ ಹೂಡುವ ಸಾಮರ್ಥ್ಯ ಅದರ ಪುಟ್ಟ ಮಿದುಳಿಗಿಲ್ಲ. ಮನುಷ್ಯನು ತನ್ನದೇ ಆದ ಗುಣವೊಂದನ್ನು ಒಪ್ಪಿಕೊಳ್ಳಲು ನಾಚಿ, ಅದನ್ನು ಬಡಪಾಯಿ ಹಾವಿನ ತಲೆಗೆ ಕಟ್ಟಿದ್ದಾನೆಂದೇ ಹೇಳಬೇಕಾಗಿದೆ.

ಹಗೆ ಸಾಧಿಸುವುದರಲ್ಲಿ ಮನುಷ್ಯನಿಗೆ ಸಮಾನರಿಲ್ಲ. ನಮ್ಮ ಹತ್ತಿರದ ಬಂಧುವಾದ ಚಿಂಪಾಂಜಿಯಲ್ಲಿ ಅದರ ಮೊಳಕೆ ಮಾತ್ರ ಕಾಣುತ್ತದೆ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಕೀತ್ ಜೆನ್ಸೆನ್ ಮತ್ತು ಅವರ ಸಂಗಡಿಗರು ನಡೆಸಿ, 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದು ಚಿಂಪಾಂಜಿಯ ಮುಂದಿದ್ದ ಆಹಾರವನ್ನು ಇನ್ನೊಂದು ಎಳೆದುಕೊಂಡರೆ, ಕಳೆದುಕೊಂಡದ್ದು ಒಂದು ಹಗ್ಗವನ್ನು ಜಗ್ಗಿ ಕಳ್ಳನ ಆಹಾರದ ಹಲಗೆಯನ್ನೇ ಕೆಡವಬಹುದಾಗಿತ್ತು. ಕದ್ದವನ ಹಲಗೆಯನ್ನು ಅದು ಮೇಲಿಂದ ಮೇಲೆ ಕೆಡವಿತು. ಪ್ರಯೋಗಕಾರರೇ ಆಹಾರವನ್ನು ತೆಗೆದು ಇನ್ನೊಂದಕ್ಕೆ ಕೊಟ್ಟಾಗ ಅಷ್ಟಾಗಿ ಕೆಡವಲಿಲ್ಲ. ಹೊಟ್ಟೆಕಿಚ್ಚಿಗೂ ಸೇಡಿಗೂ ಇರುವ ಭೇದವನ್ನು ಕಪಿಯೂ ಅಲ್ಪಸ್ವಲ್ಪ ಬಲ್ಲುದೆಂದಾಯಿತು. ಆದರೆ ಅದರ ಕೋಪ ಆ ಹೊತ್ತಿನದು. ಹಗೆಯನ್ನು ವರ್ಷಗಳ ಕಾಲ ಕಾಪಿಟ್ಟು ಬೆಳೆಸುವ, ಅದರ ಮೇಲೆ ಕಥೆ ಕಟ್ಟುವ, ಕಡೆಗೆ ಆ ಕಥೆಯನ್ನು ಹಣ ತೆತ್ತು ಕತ್ತಲೆಯ ಕೋಣೆಯಲ್ಲಿ ಕುಳಿತು ನೋಡುವ ಪ್ರಾಣಿ ಮನುಷ್ಯನೊಬ್ಬನೇ.

ಪ್ರಕೃತ ನಾವು ವಿಚಾರಿಸಬೇಕೆಂದಿರುವುದು ಈ ಕೊನೆಯ ವಿಷಯವನ್ನು. ಇರುವೆಯನ್ನು ತುಳಿಯಲೂ ಹಿಂಜರಿಯುವ ಸಾಧುಗೃಹಸ್ಥನು ಚಿತ್ರಮಂದಿರದಲ್ಲಿ ಕುಳಿತು, ತನ್ನ ಹೆಂಡತಿಮಕ್ಕಳನ್ನು ಕಳೆದುಕೊಂಡ ಒಬ್ಬಾತನು ಕೊಲೆಗಡುಕರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕೊಲ್ಲುವುದನ್ನು ಎರಡು ಗಂಟೆಗಳ ಕಾಲ ಕಣ್ಣು ಕೀಳದೆ ನೋಡುತ್ತಾನೆ. ಅವನಿಗೆ ಆಗುತ್ತಿರುವುದು ಸಂತೋಷವೇ? ಆಗಿದ್ದರೆ ಅದಕ್ಕಾಗಿ ಅವನು ನಾಚಬೇಕೆ? ಅದರಲ್ಲಿಯೂ ‘ನವ ನ್ವಾರ್’ ಎಂದು ವಿಮರ್ಶಕರು ಹೆಸರಿಟ್ಟಿರುವ ಮಸಿಬಣ್ಣದ ಸೇಡಿನ ಚಿತ್ರಗಳು ಬುದ್ಧಿವಂತರಾದ ಪ್ರೇಕ್ಷಕರನ್ನೂ ಹಿಡಿದಿಟ್ಟುಕೊಂಡಿರುವುದಕ್ಕೆ ಕಾರಣವೇನು? ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಚಿತ್ರಗಳಲ್ಲಿ ಉತ್ತಮವಾದವು ಸೇಡಿನ ವಿಷಯದಲ್ಲಿ ನಿಜವನ್ನು ನುಡಿಯುತ್ತವೆ. ಮನಶ್ಶಾಸ್ತ್ರಜ್ಞರು ಪ್ರಯೋಗಶಾಲೆಯಲ್ಲಿ ಕಂಡುಕೊಂಡುದನ್ನೇ ಇವು ಪರದೆಯ ಮೇಲೆ ತೋರಿಸುತ್ತವೆ. ನಾವು ಶಂಕಿಸಬೇಕಾದುದು ಇವುಗಳನ್ನಲ್ಲ. ಸೇಡು ತೀರಿದೊಡನೆ ಸುಖವೆಂದು ಹೇಳಿ, ನಮ್ಮನ್ನು ನಗುನಗುತ್ತ ಮನೆಗೆ ಕಳುಹಿಸುವ ಚಿತ್ರಗಳನ್ನು.

ಮೊದಲು ಹೆಸರಿನ ವಿಚಾರ. ‘ನ್ವಾರ್’ ಎಂಬುದು ಫ್ರೆಂಚ್ ಮಾತು. ಕಪ್ಪು ಎಂದು ಅದರ ಅರ್ಥ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿಗೆ ಬಾರದೆ ಉಳಿದಿದ್ದ ಅಮೆರಿಕದ ಚಿತ್ರಗಳು ಯುದ್ಧ ಮುಗಿದಮೇಲೆ ಪ್ಯಾರಿಸಿನಲ್ಲಿ ಒಟ್ಟೊಟ್ಟಾಗಿ ತೆರೆಕಂಡಾಗ, ಅವುಗಳಲ್ಲಿ ಕೆಲವು ಅಪರಾಧಚಿತ್ರಗಳ ಮಬ್ಬನ್ನೂ ನಿರಾಶೆಯನ್ನೂ ಕಂಡು, 1946ರಲ್ಲಿ ನೀನೊ ಫ್ರಾಂಕ್ ಎಂಬ ವಿಮರ್ಶಕನು ಈ ಪದವನ್ನು ಅವಕ್ಕೆ ಬಳಸಿದನು. ಬಿಲ್ಲಿ ವೈಲ್ಡರನ ‘ಡಬಲ್ ಇಂಡೆಮ್ನಿಟಿ’ (1944) ಇವುಗಳಲ್ಲಿ ಪ್ರಸಿದ್ಧವಾದುದು. ವೈಲ್ಡರ್, ಫ್ರಿಟ್ಸ್ ಲಾಂಗ್ ಮೊದಲಾದವರು ಹಿಟ್ಲರನ ಆಳ್ವಿಕೆಗೆ ಹೆದರಿ ಯೂರೋಪನ್ನು ಬಿಟ್ಟು ಬಂದವರು. ಜರ್ಮನಿಯ ಮೂಕಚಿತ್ರಗಳ ಉದ್ದುದ್ದ ನೆರಳುಗಳನ್ನೂ, ಕಾನೂನಿನ ಮೇಲಣ ಅಪನಂಬಿಕೆಯನ್ನೂ ಅವರು ಹಾಲಿವುಡ್ಡಿಗೆ ತಮ್ಮೊಡನೆ ತಂದರು.

ಆ ಕಾಲದಲ್ಲಿ ಸೇಡಿನ ಕಥೆಗೆ ಒಂದು ಕಟ್ಟಿತ್ತು. 1930ರಲ್ಲಿ ಅಮೆರಿಕದ ಚಿತ್ರೋದ್ಯಮಿಗಳು ತಮಗೆ ತಾವೇ ವಿಧಿಸಿಕೊಂಡ ನಿಯಮಾವಳಿಯಲ್ಲಿ, ಆಧುನಿಕ ಕಾಲದ ಕಥೆಗಳಲ್ಲಿ ಸೇಡನ್ನು ನ್ಯಾಯವೆಂದು ಸಮರ್ಥಿಸಕೂಡದೆಂಬ ಸ್ಪಷ್ಟವಾದ ವಿಧಿಯಿತ್ತು. ಪುರಾಣಕಾಲದ ವೀರನು ಮುಯ್ಯಿ ತೀರಿಸಿಕೊಳ್ಳಬಹುದು. ಮೋಟಾರಿನಲ್ಲಿ ಓಡಾಡುವ ನಾಗರಿಕನು ತೀರಿಸಿಕೊಳ್ಳಬಾರದು! ಆದುದರಿಂದಲೇ ಲಾಂಗನ ‘ದಿ ಬಿಗ್ ಹೀಟ್’ (1953) ಚಿತ್ರದಲ್ಲಿ, ಕಾರಿನಲ್ಲಿಟ್ಟ ಬಾಂಬಿಗೆ ಹೆಂಡತಿಯನ್ನು ಬಲಿಕೊಟ್ಟ ಪೋಲೀಸ್ ಅಧಿಕಾರಿಯು ಕೊಲೆಯ ಅಂಚಿನವರೆಗೆ ಹೋಗಿ ಕೈಯನ್ನು ಹಿಂದೆಗೆಯುತ್ತಾನೆ. 1968ರಲ್ಲಿ ಆ ನಿಯಮಾವಳಿ ರದ್ದಾಗಿ, ವಯಸ್ಸಿಗೆ ತಕ್ಕಂತೆ ಚಿತ್ರಗಳನ್ನು ವರ್ಗೀಕರಿಸುವ ಪದ್ಧತಿ ಬಂದಿತು. ಸರಿಸುಮಾರು ಅದೇ ಹೊತ್ತಿಗೆ ಹಳೆಯ ಕಪ್ಪುಚಿತ್ರವು ಬಣ್ಣ ತೊಟ್ಟು ಮತ್ತೆ ಹುಟ್ಟಿತು. ಅದಕ್ಕೆ ‘ನವ ನ್ವಾರ್’ ಎಂದು ಹೆಸರಾಯಿತು. ಕೈಯನ್ನು ಹಿಂದೆಗೆಯುವ ನಿರ್ಬಂಧ ಇನ್ನು ಇರಲಿಲ್ಲ. ಸೇಡನ್ನು ಅದರ ಕಡೆಯ ಮೆಟ್ಟಿಲಿನವರೆಗೂ ಹಿಂಬಾಲಿಸಿ, ಅಲ್ಲೇನಿದೆಯೆಂದು ನೋಡಲು ನಿರ್ದೇಶಕರಿಗೆ ಅವಕಾಶವಾಯಿತು.

ಈಗ ಮನಸ್ಸಿನ ಕಡೆಗೆ ತಿರುಗೋಣ. ಕೋಪದಲ್ಲಿ ದುಃಖವಷ್ಟೇ ಇರುವುದಿಲ್ಲ, ಮುಂದೆ ಮುಯ್ಯಿ ತೀರಿಸಿಕೊಳ್ಳುವೆನೆಂಬ ನಿರೀಕ್ಷೆಯ ಸುಖವೂ ಬೆರೆತಿರುತ್ತದೆಂದು ಗ್ರೀಸಿನ ಅರಿಸ್ಟಾಟಲನು ತನ್ನ ಭಾಷಣಶಾಸ್ತ್ರದ ಗ್ರಂಥದಲ್ಲಿ ಹೇಳಿದ್ದಾನೆ. ಈ ಮಾತನ್ನು ಇಪ್ಪತ್ತಮೂರು ಶತಮಾನಗಳ ಅನಂತರ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ವಿಜ್ಞಾನಿಗಳು ಮಿದುಳಿನಲ್ಲಿಯೇ ಪರೀಕ್ಷಿಸಿ ನೋಡಿದರು. ಡೊಮಿನಿಕ್ ದ ಕೆರ್ವೆನ್, ಅರ್ನ್‌ಸ್ಟ್ ಫೆಹ್ರ್ ಮತ್ತು ಇತರರು 2004ರಲ್ಲಿ ಪ್ರಕಟಿಸಿದ ಆ ಪ್ರಯೋಗದ ಕ್ರಮ ಹೀಗೆ. ಇಬ್ಬರು ಆಟಗಾರರಿಗೆ ತಲಾ ಹತ್ತು ನಾಣ್ಯಗಳನ್ನು ಕೊಡಲಾಗುತ್ತದೆ. ಮೊದಲನೆಯವನು ತನ್ನ ಹತ್ತನ್ನು ನಂಬಿಕೆಯ ಮೇಲೆ ಎರಡನೆಯವನಿಗೆ ಕೊಟ್ಟರೆ ಅದು ನಾಲ್ಕು ಪಟ್ಟಾಗುತ್ತದೆ. ಎರಡನೆಯವನ ಬಳಿ ಈಗ ಐವತ್ತು. ಅದರಲ್ಲಿ ಅರ್ಧವನ್ನು ಹಿಂದಕ್ಕೆ ಕೊಟ್ಟರೆ ಇಬ್ಬರಿಗೂ ಲಾಭ. ಕೊಡದೆ ಎಲ್ಲವನ್ನೂ ನುಂಗಿದರೆ ಅದು ನಂಬಿಕೆದ್ರೋಹ. ದ್ರೋಹಕ್ಕೆ ಗುರಿಯಾದವನಿಗೆ ಒಂದು ನಿಮಿಷದ ಅವಧಿ ಕೊಟ್ಟು, ದ್ರೋಹಿಯನ್ನು ಶಿಕ್ಷಿಸುವೆಯಾ ಎಂದು ಕೇಳಲಾಯಿತು. ಕೆಲವು ಸಂದರ್ಭಗಳಲ್ಲಿ ಶಿಕ್ಷಿಸಬೇಕಾದರೆ ತನ್ನ ಕೈಯಿಂದಲೂ ಹಣ ತೆರಬೇಕಾಗಿತ್ತು.

ಆ ಒಂದು ನಿಮಿಷದಲ್ಲಿ ಅವನ ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚಾಗಿ ಹರಿಯುವುದೆಂಬುದನ್ನು, ಪೊಸಿಟ್ರಾನುಗಳನ್ನು ಸೂಸುವ ವಿಕಿರಣಶೀಲ ದ್ರವ್ಯದ ನೆರವಿನಿಂದ ಚಿತ್ರಿಸಲಾಯಿತು. ಮಿದುಳಿನ ಆಳದಲ್ಲಿ ಬಾಲದ ಆಕಾರದ ಒಂದು ನರಕೇಂದ್ರವಿದೆ; ಕಾಡೇಟ್ ಎಂದು ಅದಕ್ಕೆ ಹೆಸರು. ಬಹುಮಾನವನ್ನು ನಿರೀಕ್ಷಿಸಿ ಕೆಲಸ ಮಾಡುವಾಗ ಚುರುಕಾಗುವ ಭಾಗವದು. ದ್ರೋಹಿಯನ್ನು ಶಿಕ್ಷಿಸಲು ನಿಶ್ಚಯಿಸುವ ಹೊತ್ತಿನಲ್ಲಿ ಇದೇ ಕೇಂದ್ರವು ಚುರುಕಾಯಿತು. ಅದು ಹೆಚ್ಚು ಚುರುಕಾದವರು ಶಿಕ್ಷೆಗಾಗಿ ಹೆಚ್ಚು ಹಣ ತೆರಲು ಸಿದ್ಧರಾಗಿದ್ದರು. ಇಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ಮಿದುಳನ್ನು ನೋಡಿದುದು ಶಿಕ್ಷೆ ನಡೆದುಹೋದ ಮೇಲಲ್ಲ, ಶಿಕ್ಷಿಸಬೇಕೆಂದು ಬಗೆಯುತ್ತಿದ್ದಾಗ. ಅಂದರೆ ಅಳತೆಗೆ ಸಿಕ್ಕಿದ್ದು ಸೇಡಿನ ಸುಖವಲ್ಲ, ಸೇಡಿನ ಕನಸಿನ ಸುಖ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಸೇಡು ತೀರಿಸುವವನ ಮಾತು ಹಾಗಿರಲಿ, ನೋಡುವವನ ಗತಿಯೇನು? ಚಿತ್ರಮಂದಿರದಲ್ಲಿ ಕುಳಿತಿರುವವನು ನೋಡುವವನಲ್ಲವೆ? ಲಂಡನ್ನಿನಲ್ಲಿ ಟಾನಿಯಾ ಸಿಂಗರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಆಟದಲ್ಲಿ ನ್ಯಾಯವಾಗಿ ನಡೆದವನಿಗೆ ನೋವುಂಟುಮಾಡಿದಾಗ, ನೋಡುತ್ತಿದ್ದ ಗಂಡಸರೂ ಹೆಂಗಸರೂ ಅವನೊಡನೆ ಮರುಗಿದುದು ಮಿದುಳಿನ ಚಿತ್ರಗಳಲ್ಲಿ ಕಂಡುಬಂದಿತು. ಮೋಸ ಮಾಡಿದವನಿಗೆ ನೋವಾದಾಗ ಗಂಡಸರಲ್ಲಿ ಆ ಮರುಕ ಬಹಳವಾಗಿ ಕುಂದಿತು. ಬಹುಮಾನಕ್ಕೆ ಸಂಬಂಧಿಸಿದ ಕೇಂದ್ರಗಳು ಎಚ್ಚೆತ್ತವು. ಸೇಡಿನ ಬಯಕೆಯನ್ನು ಹೆಚ್ಚಾಗಿ ಹೇಳಿಕೊಂಡವರಲ್ಲಿ ಈ ಎಚ್ಚರವೂ ಹೆಚ್ಚಾಗಿತ್ತು. ಹೆಂಗಸರಲ್ಲಿ ಈ ಬದಲಾವಣೆ ಅಷ್ಟಾಗಿ ಕಾಣಲಿಲ್ಲ. ಆ ಪ್ರಯೋಗದಲ್ಲಿ ಕೊಟ್ಟ ಶಿಕ್ಷೆ ದೇಹದಂಡನೆಯಾದುದರಿಂದ, ಇದನ್ನು ಸ್ತ್ರೀಪುರುಷರ ಸ್ವಭಾವಕ್ಕೆ ಕೊನೆಯ ಮಾತೆಂದು ತಿಳಿಯಬಾರದು. ನಮಗೆ ಇಲ್ಲಿ ಬೇಕಾದುದು ಇಷ್ಟೆ: ಸಾಕ್ಷಿಯಾಗಿ ಕುಳಿತವನ ಮನಸ್ಸೂ ಕೆಟ್ಟವನ ನೋವಿನಿಂದ ಸಂತೋಷಪಡಬಲ್ಲುದು.

ಇದನ್ನು ಕ್ರೌರ್ಯವೆಂದು ಹಳಿಯಲು ನಾವು ಸಿದ್ಧರಿಲ್ಲ. ಸಾವಿರಾರು ವರ್ಷಗಳ ಕಾಲ ಪೋಲೀಸರಾಗಲಿ ನ್ಯಾಯಾಲಯಗಳಾಗಲಿ ಇಲ್ಲದೆ ಮನುಷ್ಯರು ಗುಂಪುಗಳಲ್ಲಿ ಬಾಳಿದರು. ದುಡಿಯದೆ ಉಣ್ಣುವವನನ್ನೂ, ಕೊಟ್ಟ ಮಾತಿಗೆ ತಪ್ಪುವವನನ್ನೂ ತಡೆಯುವ ಶಕ್ತಿ ಗುಂಪಿನ ಕೋಪದಲ್ಲಿ ಅಡಗಿತ್ತು. ಫೆಹ್ರ್ ಮತ್ತು ಸೈಮನ್ ಗೆಖ್ಟರ್ 2002ರಲ್ಲಿ ತೋರಿಸಿದಂತೆ, ಸ್ವಂತ ಹಣ ತೆತ್ತಾದರೂ ಮೋಸಗಾರನನ್ನು ಶಿಕ್ಷಿಸಲು ಅವಕಾಶವಿರುವ ಆಟದಲ್ಲಿ ಸಹಕಾರ ನಿಲ್ಲುತ್ತದೆ. ಅವಕಾಶವಿಲ್ಲದ ಆಟದಲ್ಲಿ ಅದು ಸುತ್ತಿನಿಂದ ಸುತ್ತಿಗೆ ಕುಸಿಯುತ್ತದೆ. ಸೇಡಿನ ಬಯಕೆ ನ್ಯಾಯಬುದ್ಧಿಯ ಒರಟು ಅಣ್ಣನೆಂದರೆ ತಪ್ಪಾಗಲಾರದು. ಆದುದರಿಂದ ಸೇಡಿನ ಚಿತ್ರವನ್ನು ಮೆಚ್ಚಿದವನು ತಾನು ಒಳಗೊಳಗೆ ಕೊಲೆಗಡುಕನೇನೋ ಎಂದು ಅಂಜಬೇಕಾಗಿಲ್ಲ. ಅನ್ಯಾಯವನ್ನು ಕಂಡು ಕೆರಳುವ ಗುಣ ಅವನಲ್ಲಿ ಇನ್ನೂ ಸತ್ತಿಲ್ಲವೆಂಬುದಕ್ಕೆ ಅದು ಗುರುತು.

ಇನ್ನು ಸೇಡು ತೀರಿದ ಮೇಲಿನ ಸ್ಥಿತಿ. ಅಮೆರಿಕದ ಕೆವಿನ್ ಕಾರ್ಲ್‌ಸ್ಮಿತ್, ತಿಮೊತಿ ವಿಲ್ಸನ್, ಡೇನಿಯಲ್ ಗಿಲ್ಬರ್ಟ್ ಎಂಬವರು 2008ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ಬಹು ಮುಖ್ಯವಾದುದು. ಹಣದ ಆಟವೊಂದರಲ್ಲಿ, ಎಲ್ಲರೂ ಸಹಕರಿಸೋಣವೆಂದು ಇತರರನ್ನು ಹುರಿದುಂಬಿಸಿದವನೇ ತಾನು ಜಾರಿಕೊಂಡು ಲಾಭವನ್ನು ಬಾಚಿಕೊಳ್ಳುತ್ತಾನೆ. ಕೆಲವರಿಗೆ ಅವನನ್ನು ಶಿಕ್ಷಿಸುವ ಅವಕಾಶ ಕೊಡಲಾಯಿತು, ಕೆಲವರಿಗೆ ಕೊಡಲಿಲ್ಲ. ಶಿಕ್ಷಿಸಿದರೆ ಮನಸ್ಸು ಹಗುರಾಗುವುದೆಂಬುದು ಜನರ ಊಹೆಯಾಗಿತ್ತು. ಆದುದು ಅದಕ್ಕೆ ವಿರುದ್ಧ. ಶಿಕ್ಷಿಸಿದವರ ಮನಸ್ಸು, ಶಿಕ್ಷಿಸಲಾಗದೆ ಉಳಿದವರ ಮನಸ್ಸಿಗಿಂತಲೂ ಕೆಟ್ಟಿತ್ತು. ಕಾರಣವನ್ನು ಹುಡುಕಿದಾಗ, ಶಿಕ್ಷಿಸಿದವರು ಆ ಮೋಸಗಾರನನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದುದು ತಿಳಿದುಬಂದಿತು. ಶಿಕ್ಷಿಸದೆ ಬಿಟ್ಟವರು ಹೋಗಲಿ ಬಿಡೆಂದು ಮುಂದೆ ಸಾಗಿದ್ದರು. ಹುಣ್ಣನ್ನು ಕೆರೆದರೆ ಹಿತವೆನಿಸುತ್ತದೆ. ಆದರೆ ಕೆರೆದ ಹುಣ್ಣು ಮಾಯುವುದಿಲ್ಲ.

ಪ್ರಯೋಗಶಾಲೆಯಲ್ಲಿ ಕಳೆದುಹೋಗುವುದು ನಾಲ್ಕು ಕಾಸು. ಜೀವನದಲ್ಲಿ ಕಳೆದುಹೋಗುವುದು ಮಗನೋ ಮಡದಿಯೋ ಆಗಿರಬಹುದು. ಕಾಸಿನ ಆಟದಿಂದ ಪುತ್ರಶೋಕವನ್ನು ಅಳೆಯಬಹುದೆ ಎಂದು ಕೇಳುವವರ ಮಾತಿನಲ್ಲಿ ನ್ಯಾಯವಿದೆ. ಈ ಕೊರತೆಯನ್ನು ತುಂಬುವುದೇ ಕಲೆಯ ಕೆಲಸವೆಂದು ನಾವು ಭಾವಿಸುತ್ತೇವೆ. ವಿಜ್ಞಾನಿಯು ಯಾರ ಮಡದಿಯನ್ನೂ ಕೊಲ್ಲಿಸಿ ಪರೀಕ್ಷಿಸಲಾರ, ಕಥೆಗಾರನು ಪರೀಕ್ಷಿಸಬಲ್ಲ. ಅವನ ಪರೀಕ್ಷೆಯ ಫಲವೇನು?

ಜಾನ್ ಬೂರ್ಮನ್ ನಿರ್ದೇಶಿಸಿದ ‘ಪಾಯಿಂಟ್ ಬ್ಲ್ಯಾಂಕ್’ (1967) ಚಿತ್ರದಲ್ಲಿ ವಾಕರ್ ಎಂಬವನನ್ನು ಅವನ ಗೆಳೆಯನೇ ಆಲ್ಕಟ್ರಾಜ್ ದ್ವೀಪದ ಪಾಳುಬಿದ್ದ ಸೆರೆಮನೆಯಲ್ಲಿ ಗುಂಡಿಟ್ಟು ಕೆಡವಿ, ಅವನ ಪಾಲಿನ 93,000 ಡಾಲರುಗಳನ್ನೂ ಅವನ ಹೆಂಡತಿಯನ್ನೂ ಅಪಹರಿಸುತ್ತಾನೆ. ಬದುಕಿ ಬಂದ ವಾಕರನು ತನ್ನ ಹಣಕ್ಕಾಗಿ ಕಳ್ಳರ ಸಂಸ್ಥೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಏರುತ್ತಾನೆ. ಪ್ರತಿಯೊಂದು ಮೆಟ್ಟಿಲಿನಲ್ಲೂ ಸಿಕ್ಕುವವನು, ಹಣ ಕೊಡುವ ಅಧಿಕಾರ ತನ್ನದಲ್ಲ, ಮೇಲಿನವನನ್ನು ಕೇಳು ಎನ್ನುತ್ತಾನೆ. ಕಡೆಗೆ ಹಣ ಕಣ್ಣೆದುರಿಗೆ ಬರುತ್ತದೆ. ಆಗ ವಾಕರನು ಅದನ್ನು ತೆಗೆದುಕೊಳ್ಳಲು ಮುಂದೆ ಬರುವುದೇ ಇಲ್ಲ, ಕತ್ತಲೆಯೊಳಕ್ಕೆ ಸರಿದುಹೋಗುತ್ತಾನೆ. ಬಯಸಿದ್ದು ಕೈಗೆಟಕುವ ದೂರದಲ್ಲಿದೆ, ಬಯಸಿದವನು ಉಳಿದಿಲ್ಲ. ಇಂಗ್ಲೆಂಡಿನ ಮೈಕ್ ಹಾಜಸ್ ತೆಗೆದ ‘ಗೆಟ್ ಕಾರ್ಟರ್’ (1971) ಚಿತ್ರದಲ್ಲಿಯೂ ಅಣ್ಣನ ಸಾವಿಗೆ ಮುಯ್ಯಿ ತೀರಿಸಿದವನು, ಆ ಕಡೆಯ ಕೊಲೆ ಮುಗಿಸಿದ ಕಡಲದಂಡೆಯಲ್ಲಿಯೇ ಕೂಲಿ ಕೊಲೆಗಾರನೊಬ್ಬನ ಗುಂಡಿಗೆ ಬೀಳುತ್ತಾನೆ.

ಸೇಡಿಗೆ ನೆನಪು ಬೇಕು. ನೆನಪೇ ಇಲ್ಲದವನು ಸೇಡು ತೀರಿಸಲು ಹೊರಟರೆ ಏನಾದೀತೆಂಬುದು ಕ್ರಿಸ್ಟೋಫರ್ ನೋಲನನ ‘ಮೆಮೆಂಟೊ’ (2000) ಚಿತ್ರದ ವಸ್ತು. ಇದಕ್ಕೆ ವೈದ್ಯಶಾಸ್ತ್ರದ ಆಧಾರವೂ ಉಂಟು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದ ಬಹ್ವಂಶವನ್ನು ಎರಡು ಕಡೆಗಳಿಂದಲೂ ಶಸ್ತ್ರಕ್ರಿಯೆ ಮಾಡಿ ತೆಗೆದರು. ಅಂದಿನಿಂದ 2008ರಲ್ಲಿ ಸಾಯುವವರೆಗೆ ಹೊಸದಾದ ಯಾವ ಘಟನೆಯೂ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಹಳೆಯವು ಬಹುಮಟ್ಟಿಗೆ ಉಳಿದವು. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಅವನನ್ನು ಅಭ್ಯಸಿಸಿ ಸ್ಮರಣಶಕ್ತಿಯ ಶಾಸ್ತ್ರಕ್ಕೆ ಹೊಸ ತಳಹದಿಯನ್ನೇ ಹಾಕಿದರು. ಚಿತ್ರದ ನಾಯಕ ಲಿಯೊನಾರ್ಡನಿಗೂ ಇಂತಹುದೇ ಮರೆವು. ಹೆಂಡತಿಯ ಕೊಲೆ ಅವನಿಗೆ ನೆನಪಿದೆ. ಹತ್ತು ನಿಮಿಷದ ಹಿಂದಿನ ಮಾತು ನೆನಪಿಲ್ಲ. ಕೊಲೆಗಾರನ ಸುಳಿವುಗಳನ್ನು ಮೈಮೇಲೆ ಹಚ್ಚೆ ಹೊಯ್ಯಿಸಿಕೊಂಡು ಅಲೆಯುತ್ತಾನೆ. ಸೇಡು ಹಿಂದೆಯೇ ತೀರಿಹೋಗಿದೆಯೆಂದೂ, ಅದನ್ನು ಅವನು ಮರೆತಿದ್ದಾನೆಂದೂ ಒಬ್ಬನು ಹೇಳಿದಾಗ, ಲಿಯೊನಾರ್ಡನು ಬೇಕೆಂದೇ ಸುಳ್ಳು ಸುಳಿವೊಂದನ್ನು ಬರೆದಿಟ್ಟುಕೊಂಡು, ಆ ಮಾತು ಹೇಳಿದವನನ್ನೇ ಮುಂದಿನ ಬೇಟೆಯನ್ನಾಗಿ ಮಾಡಿಕೊಳ್ಳುತ್ತಾನೆ. ಅವನಿಗೆ ಬೇಕಾಗಿದ್ದುದು ಕೊಲೆಗಾರನಲ್ಲ, ಹುಡುಕಾಟ. ಜ್ಯೂರಿಕ್ಕಿನ ಪ್ರಯೋಗದಲ್ಲಿ ಕಂಡ ಕನಸಿನ ಸುಖವನ್ನು ಇದಕ್ಕಿಂತ ನಿರ್ದಯವಾಗಿ ಬಿಡಿಸಿ ತೋರಿಸಿದ ಚಿತ್ರವನ್ನು ನಾವು ಕಾಣೆವು.

ಕೊರಿಯದ ಪಾರ್ಕ್ ಚಾನ್ ವೂಕನ ‘ಓಲ್ಡ್ ಬಾಯ್’ (2003) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 2004ರಲ್ಲಿ ಕಾನ್ ಚಿತ್ರೋತ್ಸವದ ಗ್ರಾಂ ಪ್ರೀ ಬಹುಮಾನವನ್ನು ಪಡೆದ ಚಿತ್ರವಿದು. ಒಬ್ಬ ಸಾಮಾನ್ಯ ಗೃಹಸ್ಥನನ್ನು ಯಾರೋ ಹಿಡಿದು 15 ವರ್ಷ ಒಂಟಿಕೋಣೆಯಲ್ಲಿ ಕೂಡಿಹಾಕಿ, ಕಾರಣ ತಿಳಿಸದೆ ಬಿಟ್ಟುಬಿಡುತ್ತಾರೆ. ಹೊರಬಂದವನು ಸೇಡಿಗಾಗಿ ಹೊರಡುತ್ತಾನೆ. ಆದರೆ ಕೂಡಿಹಾಕಿದವನೂ ಸೇಡು ತೀರಿಸುವವನೇ! ಶಾಲೆಯ ದಿನಗಳಲ್ಲಿ ಈತನು ಹಗುರವಾಗಿ ಆಡಿದ ಒಂದು ಮಾತು ಹಬ್ಬಿ, ಅವನ ಅಕ್ಕನ ಸಾವಿಗೆ ಕಾರಣವಾಗಿತ್ತು. ಆಡಿದವನಿಗೆ ಅದು ನೆನಪೂ ಇಲ್ಲ. ಅವನು ಅದನ್ನು ನೆನೆದು ಅರಿಯುವವರೆಗೆ ಹಗೆಯವನಿಗೆ ತೃಪ್ತಿಯಿಲ್ಲ. ಜರ್ಮನಿಯ ಮಾರಿಯೊ ಗೋಲ್‌ವಿಟ್ಜರ್ ಮತ್ತು ಮಾರ್ಕುಸ್ ಡೆನ್ಜ್‌ಲರ್ 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿಯೂ ಹೀಗೆಯೇ ಕಂಡುಬಂದಿತು: ತಪ್ಪಿತಸ್ಥನು ನರಳಿದ ಮಾತ್ರಕ್ಕೆ ಸೇಡಿಗೆ ತೃಪ್ತಿ ಸಿಗುವುದಿಲ್ಲ; ಯಾವುದಕ್ಕಾಗಿ ಈ ಶಿಕ್ಷೆಯೆಂದು ಅವನು ಅರಿತುಕೊಂಡನೆಂದು ತಿಳಿದಾಗಲೇ ಸಿಗುವುದು. ಚಿತ್ರದಲ್ಲಿ ಆ ಅರಿವೂ ಉಂಟಾಗುತ್ತದೆ. ಹಗೆ ಪೂರ್ಣವಾಗಿ ಈಡೇರುತ್ತದೆ. ಈಡೇರಿದ ಕೆಲವೇ ಗಳಿಗೆಗಳಲ್ಲಿ ಹಗೆ ಸಾಧಿಸಿದವನು ತನಗೆ ತಾನೇ ಗುಂಡು ಹಾರಿಸಿಕೊಳ್ಳುತ್ತಾನೆ. ಇಷ್ಟು ವರ್ಷ ಅವನನ್ನು ಬದುಕಿಸಿದ್ದುದು ಹಗೆಯೊಂದೇ.

ನಮ್ಮ ದೇಶದಲ್ಲಿ ಶ್ರೀರಾಮ್ ರಾಘವನ್ ಹಿಂದಿಯಲ್ಲಿ ನಿರ್ದೇಶಿಸಿದ ‘ಬದ್ಲಾಪುರ್’ (2015) ಇದೇ ಜಾತಿಗೆ ಸೇರಿದ್ದು. ಅದು ಮುಂಬಯಿಯ ಬಳಿಯ ಊರಿನ ಹೆಸರು. ಬದ್ಲಾ ಎಂದರೆ ಸೇಡು ಎಂಬ ಶ್ಲೇಷವೂ ಅದರಲ್ಲಿದೆ. ಬ್ಯಾಂಕು ದೋಚಿದವರ ಕೈಯಲ್ಲಿ ಮಡದಿಯನ್ನೂ ಮಗುವನ್ನೂ ಕಳೆದುಕೊಂಡ ರಘುವು 15 ವರ್ಷ ಕಾದು ಸೇಡು ತೀರಿಸುತ್ತಾನೆ. ಕಥೆ ಸಾಗಿದಂತೆ ನಮ್ಮ ಮರುಕ ರಘುವಿನಿಂದ ಮೆಲ್ಲನೆ ಜಾರತೊಡಗುತ್ತದೆ. ಕಡೆಗೆ, ಸಾಯುವ ಕಾಯಿಲೆ ಹಿಡಿದ ಆ ದರೋಡೆಗಾರನೇ ರಘು ಮಾಡಿದ ಕೊಲೆಗಳನ್ನು ತನ್ನ ಮೇಲೆ ಹಾಕಿಕೊಂಡು ಅವನನ್ನು ಉಳಿಸುತ್ತಾನೆ. ಕೆಟ್ಟವನು ಮನುಷ್ಯನಾಗಿ ಸಾಯುತ್ತಾನೆ. ಒಳ್ಳೆಯವನು ಬರಿದಾಗಿ ಉಳಿಯುತ್ತಾನೆ.

ಇದು ಹೊಸ ತಿಳಿವಳಿಕೆಯೂ ಅಲ್ಲ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ, ತಂದೆಯ ಸಾವಿಗೆ ಮುಯ್ಯಿ ತೀರಿಸಲು ಅಶ್ವತ್ಥಾಮನು ರಾತ್ರಿಯ ಹೊತ್ತಿನಲ್ಲಿ ಪಾಂಡವರ ಪಾಳೆಯವನ್ನು ಹೊಕ್ಕು, ಮಲಗಿದ್ದವರನ್ನು ಕೊಂದನು. ಅವನಿಗೆ ದೊರೆತುದು ಸುಖವಲ್ಲ, ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯುವ ಶಾಪ. ಕತ್ತಲೆ, ದ್ರೋಹ, ಸೇಡು, ಕೊನೆಯಿಲ್ಲದ ಅಲೆದಾಟ: ನವ ನ್ವಾರ್ ಚಿತ್ರದ ಅಂಗಗಳೆಲ್ಲವೂ ಅಲ್ಲಿವೆ.

ಈ ಜಾತಿಗೆ ಎದುರಾಗಿ ಇನ್ನೊಂದು ಜಾತಿಯ ಚಿತ್ರಗಳಿವೆ. ಬ್ರಯನ್ ಗಾರ್‌ಫೀಲ್ಡ್ ಎಂಬ ಲೇಖಕನು 1972ರಲ್ಲಿ ‘ಡೆತ್ ವಿಷ್’ ಎಂಬ ಕಾದಂಬರಿಯನ್ನು ಬರೆದನು. ಸೇಡಿನ ಹುಚ್ಚು ಸಭ್ಯನೊಬ್ಬನನ್ನು ಹೇಗೆ ಕೆಡಿಸುತ್ತದೆಂಬುದು ಅದರ ವಸ್ತು. 1974ರಲ್ಲಿ ಅದು ಚಿತ್ರವಾದಾಗ ಆ ಎಚ್ಚರಿಕೆ ಮಾಯವಾಗಿ, ಬಂದೂಕು ಹಿಡಿದವನು ವೀರನಾದನು. ಕೊನೆಯ ದೃಶ್ಯದಲ್ಲಿ ಅವನು ಪುಂಡರ ಕಡೆಗೆ ಬೆರಳನ್ನೇ ಬಂದೂಕಿನಂತೆ ತೋರಿಸಿ ನಗುತ್ತಾನೆ. ಲೇಖಕನಿಗೆ ಚಿತ್ರವು ಹಿಡಿಸಲಿಲ್ಲ. ಆದರೆ ಜನ ನುಗ್ಗಿ ನೋಡಿದರು. ಮುಂದುವರಿದ ಭಾಗಗಳೂ ಬಂದವು. ಇಂತಹ ಚಿತ್ರಗಳು ನಮ್ಮ ಭಾಷೆಗಳಲ್ಲಿಯೂ ವರ್ಷವರ್ಷ ಬರುತ್ತಿವೆ.

ಈ ಎರಡು ಜಾತಿಗಳ ಭೇದವನ್ನು ಡಾಲ್ಫ್ ಝಿಲ್‌ಮನ್ ಮತ್ತು ಜೆನ್ನಿಂಗ್ಸ್ ಬ್ರಯಂಟ್ 1975ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೆಳಗುತ್ತದೆ. ಅವರು ಒಂದು ಕಥೆಯನ್ನು ಚಿಕ್ಕ ಮಕ್ಕಳಿಗೆ ಬೇರೆ ಬೇರೆ ಮುಕ್ತಾಯಗಳೊಡನೆ ತೋರಿಸಿದರು: ಕೆಟ್ಟವನಿಗೆ ತಪ್ಪಿಗಿಂತ ಕಡಮೆ ಶಿಕ್ಷೆ, ತಪ್ಪಿಗೆ ತಕ್ಕ ಶಿಕ್ಷೆ, ತಪ್ಪಿಗೆ ಮೀರಿದ ಶಿಕ್ಷೆ. ಏಳೆಂಟು ವರ್ಷದ ಮಕ್ಕಳು ತಕ್ಕ ಶಿಕ್ಷೆಯ ಕಥೆಯನ್ನು ಹೆಚ್ಚಾಗಿ ಮೆಚ್ಚಿದರು. ಶಿಕ್ಷೆ ಕಡಮೆಯಾದರೂ ಮೀರಿದರೂ ಅವರ ಸಂತೋಷ ಕುಗ್ಗಿತು. ನಾಲ್ಕು ವರ್ಷದ ಕೂಸುಗಳಿಗಾದರೋ ಶಿಕ್ಷೆ ಕಠಿನವಾದಷ್ಟೂ ಸಂತೋಷ. ಹೆಣಗಳ ಎಣಿಕೆಯಿಂದಲೇ ನಮ್ಮನ್ನು ತಣಿಸಲು ಹೊರಡುವ ಚಿತ್ರವು ನಮ್ಮನ್ನು ನಾಲ್ಕು ವರ್ಷದ ಕೂಸುಗಳೆಂದು ಎಣಿಸಿದೆ. ನವ ನ್ವಾರ್ ಚಿತ್ರವು ನಾವು ಬೆಳೆದವರೆಂದು ನಂಬಿ, ಅಳತೆ ಮೀರಿದ ಶಿಕ್ಷೆಯನ್ನು ತೋರಿಸುತ್ತಲೇ ನಮ್ಮ ಮನಸ್ಸು ಮುದುಡುವುದಕ್ಕೆ ಎಡೆಮಾಡಿಕೊಡುತ್ತದೆ.

ಇಂತಹ ಚಿತ್ರಗಳನ್ನು ನೋಡುವುದರಿಂದ ಎದೆಯೊಳಗಿನ ಕೋಪ ಹರಿದುಹೋಗಿ ಮನಸ್ಸು ತಿಳಿಯಾಗುತ್ತದೆಂದು ವಾದಿಸುವವರೂ ಇದ್ದಾರೆ. ಈ ವಾದ ನಮಗೆ ಒಪ್ಪಿಗೆಯಿಲ್ಲ. ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಣಕಿದವನನ್ನು ನೆನೆಯುತ್ತ ಮರಳಿನ ಚೀಲವನ್ನು ಗುದ್ದಿದವರ ಕೋಪ ಇಳಿಯುವುದಕ್ಕೆ ಬದಲಾಗಿ ಹೆಚ್ಚಿತು. ಏನನ್ನೂ ಮಾಡದೆ ಸುಮ್ಮನೆ ಕುಳಿತವರೇ ಎಲ್ಲರಿಗಿಂತ ಶಾಂತರಾಗಿದ್ದರು. ಕೋಪವು ಕೊಡದಲ್ಲಿ ತುಂಬಿದ ನೀರಲ್ಲ, ಚೆಲ್ಲಿದೊಡನೆ ಬರಿದಾಗಲು. ಆದುದರಿಂದ ಸೇಡಿನ ಚಿತ್ರವನ್ನು ನಾವು ಭೇದಿಯ ಔಷಧವೆಂದು ಹೊಗಳುವುದಿಲ್ಲ. ಅದರ ಪ್ರಯೋಜನ ತಿಳಿವಳಿಕೆಯಲ್ಲಿದೆ. ಕನಸಿನ ಸುಖವನ್ನು ನಮಗೆ ಉಣಬಡಿಸಿ, ಈಡೇರಿಕೆಯ ಕಹಿಯನ್ನೂ ಅದೇ ಎಲೆಯಲ್ಲಿ ಬಡಿಸುವುದು ಅದರ ಧರ್ಮ.

ಇದೆಲ್ಲ ಚಿತ್ರಮಂದಿರದ ಮಾತಾಯಿತಲ್ಲ, ಇದಕ್ಕೆ ಇಷ್ಟು ಚಿಂತೆಯೇಕೆ ಎಂದು ವಾಚಕರು ಕೇಳಬಹುದು. 2019ರ ನವೆಂಬರ್ ಕೊನೆಯಲ್ಲಿ ಹೈದರಾಬಾದಿನ ಬಳಿ ತರುಣಿಯಾದ ಪಶುವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ ನಡೆಸಿ, ಕೊಂದು, ದೇಹವನ್ನು ಸುಟ್ಟರು. ದೇಶವೆಲ್ಲ ಕೆರಳಿತು; ಕೆರಳದಿದ್ದರೆ ನಾವು ಮನುಷ್ಯರಾಗುತ್ತಿರಲಿಲ್ಲ. ಡಿಸೆಂಬರ್ 6ರ ಬೆಳಗಿನ ಜಾವ, ಬಂಧನದಲ್ಲಿದ್ದ ನಾಲ್ವರು ಆರೋಪಿಗಳು ಪೋಲೀಸರ ಗುಂಡಿಗೆ ಬಿದ್ದರು. ಜನರು ಪೋಲೀಸರ ಮೇಲೆ ಹೂವೆರಚಿದರು, ಸಿಹಿ ಹಂಚಿದರು. ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಬಹಿರಂಗವಾಯಿತು. ಆರೋಪಿಗಳು ಆಯುಧ ಕಸಿದುಕೊಂಡು ಗುಂಡು ಹಾರಿಸಿದರೆಂಬ ಪೋಲೀಸರ ಹೇಳಿಕೆ ನಂಬತಕ್ಕುದಲ್ಲವೆಂದೂ, ಕೊಲ್ಲುವ ಉದ್ದೇಶದಿಂದಲೇ ಅವರ ಮೇಲೆ ಗುಂಡು ಹಾರಿಸಲಾಯಿತೆಂದೂ ಆ ವರದಿ ಹೇಳಿತು. ಆ ನಾಲ್ವರ ವಿಚಾರಣೆ ಯಾವ ನ್ಯಾಯಾಲಯದಲ್ಲಿಯೂ ನಡೆಯಲಿಲ್ಲ. ಇನ್ನು ನಡೆಯುವಂತೆಯೂ ಇಲ್ಲ.

ಹೂವೆರಚಿದವರು ದುಷ್ಟರೆಂದು ನಾವು ಹೇಳುವುದಿಲ್ಲ. ಜ್ಯೂರಿಕ್ಕಿನಲ್ಲಿ ಚುರುಕಾದ ಮಿದುಳಿನ ಕೇಂದ್ರವೇ ಅವರಲ್ಲಿಯೂ ಚುರುಕಾಗಿತ್ತೆಂದು ಊಹಿಸುವುದು ಅಸಂಗತವಲ್ಲ. ಆದರೆ ಪರದೆಯ ಮೇಲಣ ಸೇಡಿಗೂ ಬೀದಿಯ ಸೇಡಿಗೂ ದೊಡ್ಡದೊಂದು ಅಂತರವಿದೆ. ಚಿತ್ರದಲ್ಲಿ ಕೊಲೆಗಾರನಾರೆಂಬುದನ್ನು ಕ್ಯಾಮೆರಾ ನಮಗೆ ಮೊದಲೇ ತೋರಿಸಿರುತ್ತದೆ. ನಮ್ಮ ಕೋಪಕ್ಕೆ ಗುರಿ ತಪ್ಪುವ ಭಯವಿಲ್ಲ. ಜೀವನದಲ್ಲಿ ಅಂತಹ ಕ್ಯಾಮೆರಾ ಇಲ್ಲ. ಅದರ ಬದಲಾಗಿಯೇ ಮನುಷ್ಯರು ಸಾಕ್ಷ್ಯವನ್ನೂ, ವಕೀಲರನ್ನೂ, ಮೇಲ್ಮನವಿಯನ್ನೂ ಕಟ್ಟಿಕೊಂಡರು. ನಿಧಾನವಾದರೂ ಇರುವುದು ಅದೊಂದೇ. ‘ಮೆಮೆಂಟೊ’ ಚಿತ್ರವನ್ನು ನಿಜವಾಗಿ ಅರಿತವನಿಗೆ ಈ ಮಾತು ಮತ್ತೆ ಹೇಳಬೇಕಾಗಿಲ್ಲ. ಮೈಮೇಲೆ ಹಚ್ಚೆ ಹೊಯ್ಯಿಸಿಕೊಂಡ ಖಾತ್ರಿಯೂ ಸುಳ್ಳಾಗಬಹುದೆಂಬುದನ್ನು ಅವನು ಕಣ್ಣಾರೆ ಕಂಡಿದ್ದಾನೆ.

ಆದುದರಿಂದ ಈ ಚಿತ್ರಗಳನ್ನು ನಿಷೇಧಿಸಬೇಕೆಂಬ ಕೂಗಿಗೆ ನಮ್ಮ ದನಿಯನ್ನು ನಾವು ಸೇರಿಸುವುದಿಲ್ಲ. ಸೇಡಿನ ಬಯಕೆಯನ್ನು ಕಾಯಿದೆಯಿಂದ ಅಳಿಸಲಾಗುವುದಿಲ್ಲ. 1930ರ ನಿಯಮಾವಳಿ ಅದನ್ನು ಪರದೆಯಿಂದ ಮರೆಮಾಡಿತೇ ಹೊರತು ಮನಸ್ಸಿನಿಂದ ಕಿತ್ತುಹಾಕಲಿಲ್ಲ. ಪ್ರೇಕ್ಷಕನು ಒಂದು ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಲಿ: ಕಡೆಯ ಗುಂಡು ಹಾರಿದ ಮೇಲೆ ಈ ಚಿತ್ರ ಇನ್ನೂ ಎಷ್ಟು ಹೊತ್ತು ನಡೆಯಿತು? ಆ ನಿಶ್ಶಬ್ದದಲ್ಲಿ ಉಳಿದವನ ಮುಖವನ್ನು ನಮಗೆ ತೋರಿಸಿತೆ? ತೋರಿಸಿದ್ದರೆ ಅದು ನಮ್ಮನ್ನು ಗೌರವಿಸಿದ ಚಿತ್ರ. ತೋರಿಸದೆ ದೀಪ ಹಾಕಿದ್ದರೆ, ಅರ್ಧ ಕಥೆಯನ್ನಷ್ಟೇ ಹೇಳಿ ಪೂರ್ತಿ ಹಣ ತೆಗೆದುಕೊಂಡಿತೆಂದು ತಿಳಿಯಬೇಕು.

ಹನ್ನೆರಡು ವರ್ಷದ ಹಗೆ ಹಾವಿನದಲ್ಲ, ನಮ್ಮದು. ಅದನ್ನು ಹಾವಿನ ತಲೆಯಿಂದ ಇಳಿಸಿ, ನಮ್ಮದೆಂದು ಒಪ್ಪಿಕೊಂಡು, ಬೆಳಕಿನಲ್ಲಿಟ್ಟು ನೋಡುವುದು ವಿವೇಕದ ಮೊದಲ ಹೆಜ್ಜೆ. ಆ ಹೆಜ್ಜೆಯನ್ನಿಡಲು ಕತ್ತಲೆಯ ಚಿತ್ರಮಂದಿರವೂ ನೆರವಾಗುವುದಾದರೆ ನಾವು ಬೇಡವೆನ್ನಬೇಕಾಗಿಲ್ಲ.